ದೋಣಿಯ ವೈರ್‌ಲೆಸ್ಸಿನಲ್ಲಿ ಕರಕರ ಸದ್ದು: ಕಾರಣ ಮತ್ತು ಪರಿಹಾರ

ಮಂಗಳೂರು, ಮಲ್ಪೆ, ಕಾರವಾರಗಳಿಂದ ಕಡಲಿಗಿಳಿಯುವ ಯಾಂತ್ರಿಕ ದೋಣಿಗಳಲ್ಲಿ ವಿ.ಎಚ್.ಎಫ್. ವೈರ್‌ಲೆಸ್ ಬಳಕೆಯಲ್ಲಿದೆ. ಅಪಾಯದ ಕರೆ ಬರುವುದು ಇದರ 16ನೇ ಚಾನೆಲ್‌ನಲ್ಲಿ, ಅಂದರೆ 156.8 ಮೆಗಾಹರ್ಟ್ಸ್‌ನಲ್ಲಿ. ದೋಣಿಯ ತಳದ ನೀರನ್ನು ಹೊರಹಾಕುವ ಪಂಪು ಚಾಲೂ ಆದೊಡನೆ ಕರಕರ ಸದ್ದು ಎದ್ದರೆ, ಕೆಲವರು ಸ್ಕ್ವೆಲ್ಚ್ ಗುಂಡಿಯನ್ನು ಬಿಗಿಮಾಡಿ ಅದನ್ನು ಅಡಗಿಸುತ್ತಾರೆ. ಇದರಿಂದ ಸದ್ದಿನ ಜೊತೆಗೆ ದೂರದ ದೋಣಿಯ ಕ್ಷೀಣ ಕರೆಯೂ ಅಡಗಿಹೋಗುತ್ತದೆ. ಆದ್ದರಿಂದ ಸದ್ದನ್ನು ಅದು ಹುಟ್ಟುವ ಸ್ಥಳದಲ್ಲೇ ತಡೆಯುವುದು ಲೇಸು.

ಸದ್ದು ಹುಟ್ಟುವ ಬಗೆ

ಸೊಲೆನಾಯ್ಡ್ ಎಂದರೆ ತಂತಿಯ ಸುರುಳಿ. ವಿದ್ಯುತ್ ಹರಿಯುವಾಗ ಅದು ಅಯಸ್ಕಾಂತವಾಗುತ್ತದೆ. ಸ್ವಿಚ್ ಆರಿಸಿದಾಗ ಆ ಕಾಂತಶಕ್ತಿ ಒಮ್ಮೆಗೇ ಕುಸಿದು, 12 ವೋಲ್ಟಿನ ಸುರುಳಿಯಲ್ಲಿಯೂ ನೂರಾರು ವೋಲ್ಟಿನ ಏಟು ಏಳಬಹುದು. ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದೆ. ಪಂಪಿನ ಮೋಟಾರಿನಲ್ಲಾದರೋ ಬ್ರಷ್‌ಗಳ ಬಳಿ ಎಡೆಬಿಡದೆ ಕಿಡಿ ಏಳುತ್ತಿರುತ್ತದೆ. ಆರಿಸಿದಾಗ ಮಾತ್ರ 'ಟಕ್' ಎಂದರೆ ಸೊಲೆನಾಯ್ಡ್, ಓಡುವಷ್ಟು ಹೊತ್ತೂ ಸದ್ದಿದ್ದರೆ ಮೋಟಾರು ಕಾರಣವೆಂದು ತಿಳಿಯಬೇಕು. ದಕ್ಕೆಯಲ್ಲಿ ಎಂಜಿನ್ ನಿಲ್ಲಿಸಿ, ಒಂದೊಂದೇ ಉಪಕರಣವನ್ನು ಹಚ್ಚಿ ಆರಿಸಿ ಪರೀಕ್ಷಿಸಬಹುದು.

ಪರಿಹಾರ ಕ್ರಮಗಳು

1. ಸೊಲೆನಾಯ್ಡಿನ ಎರಡು ತುದಿಗಳಿಗೆ ಅಡ್ಡಲಾಗಿ, ಸುರುಳಿಯ ಹತ್ತಿರವೇ, ಒಂದು ಡಯೋಡ್ ಜೋಡಿಸಬೇಕು. 1 ಆಂಪಿಯರ್‌ವರೆಗಿನ ಸುರುಳಿಗೆ 1ಎನ್4007, 3 ಆಂಪಿಯರ್‌ವರೆಗೆ 1ಎನ್5408 ಸಾಕು. ಡಯೋಡಿನ ಪಟ್ಟಿ ಇರುವ ತುದಿ ಧನ ತಂತಿಗೆ ಸೇರಬೇಕು. ತಿರುಗುಮುರುಗಾದರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ಡಯೋಡ್ ಹಾಕಿದಾಗ ಸೊಲೆನಾಯ್ಡ್ ಬಿಡುವುದು ಅತ್ಯಲ್ಪ ಹೊತ್ತು ತಡವಾಗುವುದು. ಸಾಮಾನ್ಯ ಬಳಕೆಯಲ್ಲಿ ಇದರಿಂದ ಬಾಧಕವಿಲ್ಲ.

2. ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕಬೇಕು. ಅದರ ಕಾಲುಗಳು ಆದಷ್ಟು ಮೋಟಾಗಿರಲಿ. ಸವೆದ ಬ್ರಷ್‌ಗಳನ್ನು ಬದಲಿಸಬೇಕು.

3. ಪಂಪಿಗೆ ಹೋಗುವ ಧನ ಮತ್ತು ಋಣ ತಂತಿಗಳನ್ನು ಹಗ್ಗದಂತೆ ಒಂದಕ್ಕೊಂದು ಹೊಸೆದು ಎಳೆಯಬೇಕು. ಆಂಟೆನಾ ಕೇಬಲ್ಲಿನ ಜೊತೆಗೆ ಇವನ್ನು ಕಟ್ಟಬಾರದು. ದಾಟಿಸಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಬೇಕು.

4. ವೈರ್‌ಲೆಸ್ಸಿಗೆ ಬ್ಯಾಟರಿಯಿಂದ ನೇರವಾಗಿ, ಸ್ವಂತ ಫ್ಯೂಸಿನೊಡನೆ, ಬೇರೆಯೇ ತಂತಿ ಎಳೆಯುವುದು ಉತ್ತಮ.

ಎಚ್ಚರಿಕೆ

ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಉಪ್ಪುಗಾಳಿಗೆ ತಾಮ್ರ ಬೇಗ ಕಿಲುಬು ಹಿಡಿಯುವುದರಿಂದ ತವರ ಲೇಪಿಸಿದ ತಂತಿಯನ್ನೇ ಬಳಸಿ, ಬೆಸುಗೆಯ ಜಾಗಕ್ಕೆ ನೀರು ತಾಗದಂತೆ ಮುಚ್ಚಬೇಕು.

ಡಯೋಡ್, ಕೆಪಾಸಿಟರ್‌ಗಳು ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ. ಡಯೋಡಿನಿಂದ ಸ್ವಿಚ್ಚಿನ ಬಾಳಿಕೆಯೂ ಹೆಚ್ಚುತ್ತದೆ. ಇಷ್ಟಾದ ಮೇಲೆ ಸ್ಕ್ವೆಲ್ಚ್ ಗುಂಡಿಯನ್ನು ಹಿಸ್ ಸದ್ದು ಅಡಗುವಷ್ಟಕ್ಕೇ ತಿರುಗಿಸಿಡಬೇಕು. ಪಂಪು ಓಡುತ್ತಿರುವಾಗಲೂ ನೆರೆಯ ದೋಣಿಯ ಕರೆ ತಾಂಡೇಲರ ಕಿವಿಗೆ ಬೀಳುವಂತಾಗಬೇಕು.