ಹಳೇ ಕಾರಿನ ಬ್ರೇಕ್: ಹೊಸ ಪ್ಯಾಡ್ ನೋಡಿ ಸುಮ್ಮನಾಗಬೇಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾನೆಟ್ ಎತ್ತಿಸುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡುತ್ತಾರೆ, ಎ.ಸಿ. ಮುಂದೆ ಕೈಯೊಡ್ಡುತ್ತಾರೆ. ಬ್ರೇಕಿನ ವಿಷಯ ಬಂದಾಗ ಮಾತ್ರ ‘ಹೊಸ ಪ್ಯಾಡ್ ಹಾಕ್ಸಿದೀನಿ ಸಾರ್’ ಎಂಬ ಒಂದೇ ಮಾತಿಗೆ ಸಮಾಧಾನ ಪಡುತ್ತಾರೆ. ಪ್ಯಾಡ್ ಬ್ರೇಕಿನ ಕೊನೆಯ ತುದಿ. ಪೆಡಲ್‌ನಿಂದ ಅಲ್ಲಿಯವರೆಗೆ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಪೈಪು, ಹೋಸ್, ಕ್ಯಾಲಿಪರ್ ಇವೆ. ದೋಷ ಇವುಗಳಲ್ಲಿದ್ದರೆ ಹೊಸ ಪ್ಯಾಡ್ ಅದನ್ನು ಸರಿಪಡಿಸುವುದಿಲ್ಲ.

ಆದ್ದರಿಂದ ಕಾರು ನಿಂತಲ್ಲೇ ಪರೀಕ್ಷೆ ಶುರುಮಾಡಿ. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ. ಬೂಸ್ಟರಿನಲ್ಲಿ ಉಳಿದ ನಿರ್ವಾತ ಖರ್ಚಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಎಂಜಿನ್ ಸ್ಟಾರ್ಟ್ ಮಾಡಿದರೆ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರನ್ನೂ ಅದಕ್ಕೆ ಹೋಗುವ ವ್ಯಾಕ್ಯೂಮ್ ಪೈಪನ್ನೂ ನೋಡಿಸಬೇಕು. ಈಗ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನವಾಗಿ ನೆಲದತ್ತ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದಿದೆ. ಈ ಎರಡನೆಯದರಲ್ಲಿ ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಬ್ರೇಕ್ ಆಯಿಲ್ ಡಬ್ಬಿಯ ಮಟ್ಟವೂ ಇಳಿಯುವುದಿಲ್ಲ. ಹಾಗಾಗಿಯೇ ಇದು ಸುಲಭವಾಗಿ ಕಣ್ತಪ್ಪುತ್ತದೆ. ಇಂಥ ಕಾರನ್ನು ರಸ್ತೆಗಿಳಿಸಿ ನೋಡಲೂ ಹೋಗಬೇಡಿ.

ಮೊದಲ ಸಲ ಆಳಕ್ಕೆ ಹೋದ ಪೆಡಲ್ ಎರಡನೇ ಸಲ ಮೇಲೇ ನಿಂತರೆ ಅದು ಬೇರೆ ಕಥೆ. ಸಾಮಾನ್ಯವಾಗಿ ಹಿಂದಿನ ಡ್ರಮ್ಮಿನ ಬ್ರೇಕ್ ಶೂಗಳಿಗೆ ಅಡ್ಜಸ್ಟ್‌ಮೆಂಟ್ ಬೇಕಾಗಿರುತ್ತದೆ. ಸ್ಪಂಜು ಒತ್ತಿದಂತೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಬ್ಲೀಡಿಂಗ್ ಮಾಡಿದರೆ ಗಾಳಿ ಹೋಗುತ್ತದೆ, ಆದರೆ ಅದು ಒಳಹೊಕ್ಕ ದಾರಿ ಯಾವುದೆಂದು ಮೆಕ್ಯಾನಿಕ್ ಹುಡುಕಲೇಬೇಕು.

ಬಾನೆಟ್ ಎತ್ತಿದಾಗ ಬ್ರೇಕ್ ಆಯಿಲ್ ಡಬ್ಬಿಯನ್ನು ಗಮನಿಸಿ. ಪ್ಯಾಡ್ ಸವೆದಷ್ಟೂ ಕ್ಯಾಲಿಪರಿನ ಪಿಸ್ಟನ್ ಹೊರಬರುತ್ತದೆ, ಆ ಜಾಗ ತುಂಬಲು ಆಯಿಲ್ ಕೆಳಗಿಳಿಯುತ್ತದೆ. ಸವೆದ ಪ್ಯಾಡಿನ ಕಾರಿನಲ್ಲಿ ಮಟ್ಟ ಸ್ವಲ್ಪ ಕಡಿಮೆಯಿರುವುದು ಸಹಜ. ಪ್ಯಾಡ್ ಸವೆದೂ ಡಬ್ಬಿ ತುಂಬಿ ತುಳುಕುತ್ತಿದ್ದರೆ ಯಾರೋ ಕಾರಣ ಹುಡುಕದೆ ಸುರಿದಿದ್ದಾರೆ. ಬಣ್ಣವನ್ನೂ ನೋಡಿ: ಹೊಸದು ತಿಳಿಯಾಗಿರುತ್ತದೆ, ಹಳೆಯದು ಕಂದು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವಾಗ ಆಯಿಲ್ ಕುದಿದರೆ ಲೈನಿನಲ್ಲಿ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ತಾಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಇದನ್ನು ಎಷ್ಟೋ ಮಾಲೀಕರು ಮುಟ್ಟಿಯೇ ಇರುವುದಿಲ್ಲ ಎಂಬುದು ನನಗೆ ನಿಜಕ್ಕೂ ಆತಂಕದ ವಿಷಯ.

ಪೆಡಲ್ ಗಟ್ಟಿಯಾಗಿ ನಿಂತರೆ ಮಾತ್ರ ಖಾಲಿ, ಸಮತಟ್ಟಾದ ರಸ್ತೆಗೆ ಹೋಗಿ. ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆದರೆ ಬಲಗಡೆಯ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಮೊದಲು ಅನುಮಾನಿಸಿ. ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಏರುಪೇರಾಗಿದೆ. ಲೇತಿಗೆ ಹಾಕಿಸುವ ಮೊದಲು ಡಿಸ್ಕಿನ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪವನ್ನು ಓದಿ. ಮಂಗಳೂರು, ಉಡುಪಿಯ ಮಳೆಯಲ್ಲಿ ನಿಂತ ಕಾರು ಮೊದಲ ನಾಲ್ಕು ಬ್ರೇಕಿಗೆ ಕರಕರ ಎಂದರೆ ಅದು ಡಿಸ್ಕಿನ ಮೇಲ್ತುಕ್ಕು, ಹೆದರಬೇಕಿಲ್ಲ. ಓಡಿದಷ್ಟೂ ಆ ಸದ್ದು ಉಳಿದರೆ ಲೋಹಕ್ಕೆ ಲೋಹ ಉಜ್ಜುತ್ತಿದೆ.

ಹೆಚ್ಚು ಬ್ರೇಕ್ ಹಾಕದೆ ಐದಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಬಳಿ ಕೈ ಹಿಡಿಯಿರಿ. ಡಿಸ್ಕನ್ನು ಮುಟ್ಟಬೇಡಿ. ಜೋಡಿ ಚಕ್ರಕ್ಕಿಂತ ಒಂದು ತೀರಾ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಜಾಮ್ ಆಗಿರಬಹುದು. ಗ್ಯಾರೇಜಿನಲ್ಲಿ ಕೂಡಲೇ ‘ಕ್ಯಾಲಿಪರ್ ಹೋಗಿದೆ’ ಎನ್ನುವುದುಂಟು. ಒಪ್ಪುವ ಮುನ್ನ, ಚಕ್ರ ಬಿಗಿಯಾಗಿರುವಾಗಲೇ ಬ್ಲೀಡಿಂಗ್ ನಿಪ್ಪಲ್ ಸಡಿಲಿಸಲು ಹೇಳಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದರ್ಥ. ಹಳೇ ರಬ್ಬರ್ ಹೋಸ್ ಒಳಗೆ ಉಬ್ಬಿದರೆ ಹೀಗಾಗುತ್ತದೆ: ಆಯಿಲ್ ಹೋಗುತ್ತದೆ, ಹಿಂದಿರುಗುವುದಿಲ್ಲ. ನಿಪ್ಪಲ್ ಸಡಿಲಿಸಿಯೂ ಚಕ್ರ ಬಿಗಿಯಾಗಿದ್ದರೆ ಪಿಸ್ಟನ್ನೋ ಸ್ಲೈಡ್ ಪಿನ್ನೋ ಹಿಡಿದಿದೆ. ಈ ಒಂದು ಪರೀಕ್ಷೆಯಿಂದ ಕ್ಯಾಲಿಪರಿನ ದುಡ್ಡು ಉಳಿಯಬಹುದು.

ಏಪ್ರಿಲ್ 2019ರಿಂದ ಭಾರತದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಕೀ ತಿರುಗಿಸಿದಾಗ ಅದರ ದೀಪ ಹೊತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತಿಕೊಳ್ಳಲೇ ಇಲ್ಲವಾದರೆ ಯಾರಾದರೂ ದೀಪವನ್ನೇ ತಪ್ಪಿಸಿರಬಹುದು. ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ, ಬೆಲೆಯ ಮಾತು ಆಮೇಲೆ ಆಡಿ. ಪ್ಯಾಡ್, ಶೂ, ಆಯಿಲ್, ಹೋಸ್ ಇವುಗಳ ಖರ್ಚನ್ನು ಬೆಲೆಯಲ್ಲಿ ಕಳೆಯಬಹುದು. ಎಬಿಎಸ್ ಯೂನಿಟ್ಟೇ ಕೆಟ್ಟಿದ್ದರೆ ಲಿಖಿತ ಎಸ್ಟಿಮೇಟ್ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.