ಮೈನರ್ ಕಾರಿಗೆ ಮೇಜರ್ ಬ್ರೇಕು

ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ 1962ರಲ್ಲಿ ಒಂದೇ ಕುಟುಂಬದ 1098 ಸಿಸಿ ಎಂಜಿನ್ನನ್ನು ಎರಡು ಕಾರುಗಳಿಗೆ ಕೂರಿಸಿತು. ಎರಡು ಸೀಟಿನ ಎಂಜಿ ಮಿಡ್ಜೆಟ್‌ಗೆ ಆ ಎಂಜಿನ್ ಜೊತೆಯಲ್ಲೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಮಾರಿಸ್ ಮೈನರ್‌ಗೆ ಸಿಕ್ಕಿದ್ದು 7 ಇಂಚಿನ ಡ್ರಮ್ ಬದಲಿಗೆ 8 ಇಂಚಿನ ಡ್ರಮ್, ಅಷ್ಟೆ. ಸಂಸಾರಸ್ಥರ ಕಾರು ತಾನೇ, ಯಾರು ಹಾಗೆ ಓಡಿಸುತ್ತಾರೆ ಎಂಬ ಲೆಕ್ಕಾಚಾರ ಇದ್ದಿರಬೇಕು. ಕಾರ್ಖಾನೆ ಅಂದು ಬಿಟ್ಟ ಆ ಕೆಲಸವನ್ನು ಈಗ ಮಾಡಿ ಮುಗಿಸುವವರು ಹಳೆ ಕಾರುಗಳ ಮೆಕ್ಯಾನಿಕ್‌ಗಳು. ಡ್ರಮ್ ಬಿಚ್ಚಿ ದೊಡ್ಡ ಡಿಸ್ಕ್ ಕೂರಿಸುವುದು ಬ್ರಿಟನ್ನಿನಲ್ಲಿ ಇಂದು ಒಂದು ಪ್ರತ್ಯೇಕ ಕಸುಬೇ ಆಗಿದೆ.

ಮೈನರ್ ನಮಗೆ ತೀರ ಅಪರಿಚಿತವೇನಲ್ಲ. ಅಲೆಕ್ ಇಸಿಗೊನಿಸ್ ರೂಪಿಸಿದ ಈ ದುಂಡು ಮೂತಿಯ ಕಾರು 1948ರ ಲಂಡನ್ ಮೋಟಾರ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಸುಮಾರು 16 ಲಕ್ಷ ಕಾರುಗಳು ತಯಾರಾದವು. ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ಹಿಂದೂಸ್ತಾನ್ ಮೋಟಾರ್ಸ್ ಇದರ ಮೊದಲ ಮಾದರಿಯನ್ನು 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ನಮ್ಮಲ್ಲೂ ಮಾರಿತು. ನಮ್ಮ ಅಂಬಾಸಡರ್ ಹುಟ್ಟಿದ್ದು ಇದೇ ಮಾರಿಸ್ ಮನೆಯ ಆಕ್ಸ್‌ಫರ್ಡ್ ಕಾರಿನಿಂದ.

ಡ್ರಮ್ ಬ್ರೇಕನ್ನು ಹಳಿಯುವ ಮುಂಚೆ ಅದರ ಜಾಣತನವನ್ನು ಒಪ್ಪಬೇಕು. ಚಕ್ರದ ಜೊತೆ ತಿರುಗುವ ಡ್ರಮ್ಮಿನೊಳಗೆ ಎರಡು ಶೂಗಳು ಹೊರಮುಖವಾಗಿ ಒತ್ತುತ್ತವೆ. ಮೈನರ್‌ನ ಮುಂದಿನ ಡ್ರಮ್‌ಗಳಲ್ಲಿ ಎರಡು ಶೂಗಳಿಗೂ ಒಂದೊಂದು ವೀಲ್ ಸಿಲಿಂಡರ್ ಇದೆ. ಕಾರು ಮುಂದಕ್ಕೆ ಹೋಗುವಾಗ ತಿರುಗುವ ಡ್ರಮ್ಮೇ ಶೂವನ್ನು ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ. ಅಂದರೆ ಅರ್ಧ ಕೆಲಸ ಕಾಲಿನದು, ಉಳಿದದ್ದು ಚಕ್ರದ್ದೇ. ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಬೂಸ್ಟರ್ ಇಲ್ಲದೆಯೂ ಮೈನರ್ ನಿಲ್ಲುತ್ತಿದ್ದುದು ಈ ಉಪಾಯದಿಂದ. ಆದರೆ ರಿವರ್ಸ್‌ನಲ್ಲಿ ಲೆಕ್ಕ ತಿರುಗಾಮುರುಗಾ. ಏರಿನಲ್ಲಿ ಹಿಂದಕ್ಕೆ ಜಾರುವ ಮೈನರನ್ನು ಹಿಡಿದು ನಿಲ್ಲಿಸಲು ಹಲ್ಲು ಕಚ್ಚಿ ಪೆಡಲ್ ಒತ್ತಬೇಕು.

ತೊಂದರೆ ಶುರುವಾಗುವುದು ಬಿಸಿಯಿಂದ. ಜನ ಸಮೇತ ಒಂದು ಟನ್ ತೂಗುವ ಕಾರನ್ನು ಗಂಟೆಗೆ 50 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 96 ಕಿಲೊಜೂಲ್ ಶಕ್ತಿ ಶಾಖವಾಗಬೇಕು. ವೇಗ 100 ಆದರೆ ಅದು ದುಪ್ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು 386. ಮುಚ್ಚಿದ ಡ್ರಮ್ಮಿನೊಳಗಿನ ಈ ಶಾಖಕ್ಕೆ ಹೊರದಾರಿ ಕಡಿಮೆ. ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಶೂವಿಗೆ ಅಂಟಿಸಿದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ತಳ ಮುಟ್ಟುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಹಿಂದಿನ ಡ್ರೈವರುಗಳು ಸೆಕೆಂಡ್ ಗೇರಿನಲ್ಲೇ ಇಳಿಯುತ್ತಿದ್ದುದು ಪೆಟ್ರೋಲ್ ಉಳಿಸಲಿಕ್ಕಲ್ಲ, ಎಂಜಿನ್ನೇ ವೇಗ ತಡೆದು ಬ್ರೇಕು ಕಾಯದಿರಲಿ ಎಂದು. ಇಂದಿನ ಹೆದ್ದಾರಿಯಲ್ಲಿ ಇನ್ನೊಂದು ಅಪಾಯವೂ ಸೇರಿದೆ. ಮುಂದಿನ ಹೊಸ ಕಾರು ಎಬಿಎಸ್ ನಂಬಿ ಗಕ್ಕನೆ ನಿಂತಾಗ ಅರವತ್ತು ವರ್ಷದ ಹಿಂದಿನ ಬ್ರೇಕು ಅದರ ಹಿಂದೆ ನಿಲ್ಲಬೇಕು.

ಡಿಸ್ಕ್ ಬ್ರೇಕಿನ ತತ್ವ ಸೈಕಲ್ಲಿನ ರಿಮ್ಮನ್ನು ಎರಡು ಕಡೆಯಿಂದ ಕಚ್ಚುವ ರಬ್ಬರ್ ತುಂಡುಗಳದ್ದೇ. ಬಯಲಿನಲ್ಲಿ ತಿರುಗುವ ತಟ್ಟೆಗೆ ಗಾಳಿ ಸಿಗುತ್ತದೆ, ನೀರು ಬಿದ್ದರೆ ಸಿಡಿದು ಹೋಗುತ್ತದೆ, ಬಿಸಿಗೆ ದಪ್ಪಗಾದರೂ ತನ್ನನ್ನು ಕಚ್ಚುವ ಪ್ಯಾಡಿನ ಕಡೆಗೇ ಬರುತ್ತದೆ. ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಲೋಕ ನಂಬಿದ್ದು ಮಾತ್ರ 1953ರಲ್ಲಿ, ಲ ಮಾನ್‌ನ 24 ಗಂಟೆಗಳ ರೇಸನ್ನು ಡನ್ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಗೆದ್ದಾಗ.

ಡಿಸ್ಕ್ ಆದರೆ ಸಾಲದು, ದೊಡ್ಡದೂ ಇರಬೇಕು. ಇದಕ್ಕೆ ಒಳ್ಳೆಯ ಸಾಕ್ಷಿ ಇಸಿಗೊನಿಸ್ ಅವರದೇ ಇನ್ನೊಂದು ಕೂಸು ಮಿನಿ. 1961ರ ಮಿನಿ ಕೂಪರ್‌ಗೆ ಡಿಸ್ಕ್ ಹಾಕಿದರು. ಆದರೆ ಚಕ್ರವೇ 10 ಇಂಚಿನದು. ಅದರೊಳಗೆ ಹಿಡಿಸಿದ್ದು 7 ಇಂಚಿನ ಡಿಸ್ಕ್. ಬ್ರೇಕು ಅಷ್ಟಕ್ಕಷ್ಟೆ ಎಂಬ ದೂರು ಬಂತು. 1963ರ ಕೂಪರ್ ಎಸ್‌ಗೆ ಅದು 7.5 ಇಂಚಾಗಿ, ಬೂಸ್ಟರೂ ಸೇರಿತು. ಪ್ಯಾಡ್ ಕಚ್ಚುವ ಜಾಗ ಚಕ್ರದ ನಡುವಿನಿಂದ ದೂರ ಹೋದಷ್ಟೂ ಅದೇ ಒತ್ತಡಕ್ಕೆ ಹಿಡಿತ ಹೆಚ್ಚು, ಶಾಖ ಹೀರಲು ಲೋಹವೂ ಹೆಚ್ಚು. ಮೈನರ್‌ನ ಅದೃಷ್ಟ, ಅದರದ್ದು 14 ಇಂಚಿನ ಚಕ್ರ. 9ರಿಂದ 10 ಇಂಚಿನ ಡಿಸ್ಕಿಗೆ ಅಲ್ಲಿ ಜಾಗ ಮಾಡಬಹುದು.

ಮಾಡುವುದು ಹೇಗೆ? ಹಳೆಯ ದಾರಿ ದಾಯಾದಿ ಕಾರುಗಳ ಮಾಲು ತರುವುದು. ಮೈನರ್‌ನ ತಳದ ಮೇಲೇ ಕಟ್ಟಿದ ರೈಲಿ 1.5ರ ದೊಡ್ಡ ಡ್ರಮ್‌ಗಳು ಮೊದಲು ಬಳಕೆಗೆ ಬಂದವು. 1971ರಲ್ಲಿ ಬಂದ ಮಾರಿಸ್ ಮರೀನಾ ಕಾರಿನ ಮುಂಭಾಗದ ಸಸ್ಪೆನ್ಷನ್ ಮೈನರ್‌ನದ್ದನ್ನೇ ಹೋಲುತ್ತಿತ್ತು. ಬ್ರಿಟನ್ನಿನಲ್ಲಿ ಯಾರಿಗೂ ಬೇಡವಾದ ಮರೀನಾ ಗುಜರಿ ಅಂಗಳಗಳಲ್ಲಿ ರಾಶಿ ಬಿದ್ದಾಗ, ಅದರ ಡಿಸ್ಕ್‌ಗಳಿಗೆ ಮೈನರ್‌ನಲ್ಲಿ ಎರಡನೇ ಆಯುಷ್ಯ ಸಿಕ್ಕಿತು. ಈಗ ಮರೀನಾಗಳೇ ಅಪರೂಪ. ಹಾಗಾಗಿ ಮೈನರ್‌ನ ಮೂಲ ಸ್ಟಬ್ ಆ್ಯಕ್ಸಲಿಗೇ ಬೋಲ್ಟ್ ಆಗುವ ಬ್ರಾಕೆಟ್, ಹೊಸ ಹಬ್, ಡಿಸ್ಕ್, ಪ್ಯಾಡ್‌ಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಎಲ್ಲ ಸೇರಿದ ಕಿಟ್‌ಗಳು ಚಾಲ್ತಿಯಲ್ಲಿವೆ. ಕಾರಿನ ಯಾವ ಭಾಗವನ್ನೂ ಕತ್ತರಿಸದೆ ಕೂರುವ ಕಿಟ್ಟೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಬ್ರಾಕೆಟ್ಟನ್ನು ಲೋಕಲ್ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಜುಗಾಡ್ ಬೇಡ. ಇಡೀ ಕಾರನ್ನು ಹಿಡಿದು ನಿಲ್ಲಿಸುವ ಬಲ ಹಾಯುವುದು ಆ ಒಂದು ತುಂಡಿನ ಮೂಲಕ.

ಕೂರಿಸಿದ ಮೇಲೆ ಡಿಸ್ಕ್ ಓಲಾಡುತ್ತದೆಯೇ ಎಂದು ಡಯಲ್ ಗೇಜ್ ಇಟ್ಟು ನೋಡುತ್ತಾರೆ, 0.1 ಮಿ.ಮೀ. ದಾಟಿದರೆ ಪೆಡಲ್ ಕಾಲಿನಡಿ ನಡುಗುತ್ತದೆ. ಆಮೇಲೆ ಹಳೆಯ ಉಕ್ಕಿನ ಚಕ್ರ ಹಾಕಿ ಕೈಯಲ್ಲಿ ತಿರುಗಿಸುತ್ತಾರೆ. ಕ್ಯಾಲಿಪರ್ ಚಕ್ರದ ಒಳಮೈಗೆ ತಗುಲುತ್ತಿದ್ದರೆ ಅಲ್ಲಿಗೆ ಬೇರೆ ಚಕ್ರದ ಖರ್ಚು. ಹೊಸ ಹಬ್ಬಿನಿಂದ ಚಕ್ರ ಹೊರಗೆ ಸರಿದಿದ್ದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡ್ ಅಂಚನ್ನು ಉಜ್ಜುತ್ತದೆ.

ನಿಜವಾದ ಕುಶಲತೆ ಬೇಕಿರುವುದು ಕಣ್ಣಿಗೆ ಕಾಣದ ಬ್ರೇಕ್ ಆಯಿಲ್ ದಾರಿಯಲ್ಲಿ. ಡಿಸ್ಕಿಗೆ ಡ್ರಮ್ಮಿನಂತೆ ತನ್ನನ್ನು ತಾನೇ ಎಳೆದುಕೊಳ್ಳುವ ಗುಣವಿಲ್ಲ. ಒತ್ತಡವೆಲ್ಲ ಕಾಲಿನಿಂದಲೇ ಬರಬೇಕು. ಕ್ಯಾಲಿಪರ್ ಪಿಸ್ಟನ್ ದೊಡ್ಡದಾದರೆ ಬಲ ಹೆಚ್ಚುತ್ತದೆ, ಜೊತೆಗೆ ಆಯಿಲ್ ಹೆಚ್ಚು ಬೇಕಾಗಿ ಪೆಡಲ್ ಆಳಕ್ಕೆ ಹೋಗುತ್ತದೆ. ಆಳ ಕಡಿಮೆ ಮಾಡಲು, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ದೊಡ್ಡದು ಮಾಡಿದರೆ ಪೆಡಲ್ ಕಲ್ಲಾಗುತ್ತದೆ. ಆಗ ಬೂಸ್ಟರ್ ಬೇಕೆನ್ನಿಸುತ್ತದೆ. ಹೀಗೆ ಒಂದು ಇನ್ನೊಂದನ್ನು ಕರೆಯುತ್ತದೆ.

ಮೈನರ್‌ನ ಮಾಸ್ಟರ್ ಸಿಲಿಂಡರ್ ಇರುವ ಜಾಗವೇ ವಿಚಿತ್ರ: ಡ್ರೈವರ್ ಕಾಲಡಿ, ನೆಲದ ಕೆಳಗೆ, ಚಾಸಿಯ ತೊಲೆಯೊಳಗೆ. ಬಿಚ್ಚಬೇಕೆಂದರೆ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಬೋಲ್ಟಿಗೆ ಅಡ್ಡ ನಿಂತಿರುತ್ತದೆ. ಡ್ರಮ್ ಕಾಲದ ಈ ಸಿಲಿಂಡರಿನೊಳಗೆ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಪುಟ್ಟ ವಾಲ್ವ್ ಇದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಅದೇ ಶತ್ರು. ಕಾಲು ತೆಗೆದ ಮೇಲೂ ಪ್ಯಾಡ್ ಕಚ್ಚಿಕೊಂಡೇ ಇದ್ದು, ಹತ್ತಾರು ಕಿ.ಮೀ. ಹೋಗುವಷ್ಟರಲ್ಲಿ ಡಿಸ್ಕ್ ಕಾದು ವಾಸನೆ ಬರುತ್ತದೆ. ಹಾಗೆಂದು ಸುಮ್ಮನೆ ಕಿತ್ತೆಸೆಯುವಂತಿಲ್ಲ. ಸಿಲಿಂಡರ್ ಕೆಳಗೆ, ಕ್ಯಾಲಿಪರ್ ಮೇಲೆ. ಆಯಿಲ್ ಹಿಂದಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಡಿಸ್ಕಿನ ದಾರಿಯಲ್ಲಿ 2 ಪಿಎಸ್‌ಐ, ಹಿಂದಿನ ಡ್ರಮ್ ದಾರಿಯಲ್ಲಿ 10 ಪಿಎಸ್‌ಐ ಉಳಿಸುವ ಬೇರೆ ಬೇರೆ ವಾಲ್ವ್ ಹಾಕುವುದುಂಟು.

ಇನ್ನೊಂದು ಬಲೆ ಪೈಪಿನ ನಟ್ಟಿನದು. ಹಳೆಯ ಬ್ರಿಟಿಷ್ ಥ್ರೆಡ್ 3/8 ಇಂಚು, ಹೊಸ ಕ್ಯಾಲಿಪರ್‌ಗಳದ್ದು ಸಾಮಾನ್ಯವಾಗಿ 10 ಮಿ.ಮೀ. ಎರಡರ ನಡುವಿನ ವ್ಯತ್ಯಾಸ ಅರ್ಧ ಮಿ.ಮೀ.ಗಿಂತ ಕಡಿಮೆ. ಹಳೆಯ ನಟ್ಟು ಹೊಸ ಕ್ಯಾಲಿಪರಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತದೆ. ಮೈನರ್‌ಗೆ ಇರುವುದು ಒಂದೇ ಆಯಿಲ್ ಸರ್ಕ್ಯೂಟ್ ಆದ್ದರಿಂದ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಬಲ್ಲವರು ಇದೇ ಸಂದರ್ಭದಲ್ಲಿ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿ, ರಬ್ಬರ್ ಹೋಸ್‌ಗಳನ್ನೂ ಬದಲಿಸುತ್ತಾರೆ. ಬೂಸ್ಟರಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇಲ್ಲಿ.

ಇಷ್ಟೆಲ್ಲ ಆದರೂ ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು. ಸಣ್ಣ ಡ್ರಮ್ಮೂ ಒಂದು ಸಲ ಚಕ್ರವನ್ನು ಲಾಕ್ ಮಾಡಬಲ್ಲದು. ಟೈರಿನ ಹಿಡಿತಕ್ಕೆ ಸಾಧ್ಯವಾದುದಕ್ಕಿಂತ ಕಡಿಮೆ ದೂರದಲ್ಲಿ ನಿಲ್ಲಿಸಲು ಯಾವ ಡಿಸ್ಕಿಗೂ ಆಗದು. ದೊಡ್ಡ ಡಿಸ್ಕ್ ಕೊಡುವುದು ಹತ್ತನೆಯ ಸಲವೂ ಮೊದಲ ಸಲದಂಥದೇ ಬ್ರೇಕನ್ನು. ಗಟ್ಟಿಮುಟ್ಟಾದ ಡಿಸ್ಕ್ ಹಾಕಿ ಹಳೆಯ ಸಪೂರ ಟೈರನ್ನೇ ಉಳಿಸಿದರೆ ಮುಂದಿನ ಚಕ್ರಗಳು ಬೇಗ ಲಾಕ್ ಆಗಿ ಸ್ಟೇರಿಂಗ್ ಕೆಲಸ ಮಾಡದು. ಹಿಂದಿನವು ಮೊದಲು ಲಾಕ್ ಆದರೆ ಇನ್ನೂ ಕೆಟ್ಟದ್ದು, ಕಾರೇ ಅಡ್ಡ ತಿರುಗುತ್ತದೆ.

ಮೂಲರೂಪ ಕೆಡುತ್ತದೆ ಎಂಬ ಆಕ್ಷೇಪ ಇದ್ದೇ ಇದೆ. ಮೈಸೂರು ಬಳಿಯ 'ಪಯಣ' ಸಂಗ್ರಹಾಲಯದಲ್ಲಿರುವಂತೆ ನಿಂತು ನೋಡಿಸಿಕೊಳ್ಳುವ ಕಾರಿಗೆ ಡ್ರಮ್ಮೇ ಸೊಗಸು. ಓಡುವ ಕಾರಿನ ವಿಷಯ ಬೇರೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಭಾರಿ ಮಾರ್ಪಾಡಾದರೆ ಅದು ತಪ್ಪುತ್ತದೆ, ಆದರೆ ಸುರಕ್ಷತೆಗಾಗಿ ಬ್ರೇಕ್ ಬದಲಿಸುವುದನ್ನು ಹಾಗೆ ಎಣಿಸುವುದಿಲ್ಲ. ನಮ್ಮಲ್ಲಿ 50 ವರ್ಷ ಮೀರಿದ ವಾಹನಗಳಿಗೆ 2021ರ ನಿಯಮ ಕೊಟ್ಟ ವಿಂಟೇಜ್ ನೋಂದಣಿ ಚಾಸಿ, ಬಾಡಿ, ಎಂಜಿನ್ ಮಾರ್ಪಾಡನ್ನು ಹೆಸರಿಸಿ ತಡೆಯುತ್ತದೆ. ವಾಹನದ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಇರುವುದರಿಂದ ಕೈಹಾಕುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸುವುದು ಕ್ಷೇಮ. ಬಿಚ್ಚಿದ ಡ್ರಮ್, ಶೂ, ಬ್ಯಾಕ್ ಪ್ಲೇಟ್‌ಗಳಿಗೆ ಗ್ರೀಸ್ ಬಳಿದು ಎತ್ತಿಡಬೇಕು. ಮುಂದಿನ ಮಾಲೀಕರು ಕೇಳಿಯಾರು.

ಕೊನೆಗೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವುದು: ಒಬ್ಬರು ಕಾರಿನೊಳಗೆ, ಒಬ್ಬರು ಚಕ್ರದ ಬಳಿ, 'ಒತ್ತಿ, ಹಿಡ್ಕೊಳ್ಳಿ, ಬಿಡಿ.' ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವ ತನಕ ಮಧ್ಯಮ ವೇಗದಲ್ಲಿ ಮೆಲ್ಲಗೆ ಬ್ರೇಕ್ ಹಾಕುತ್ತ, ನಡುವೆ ಆರಲು ಬಿಡುತ್ತ ಓಡಿಸಬೇಕು. ಕೆಲವು ನೂರು ಕಿ.ಮೀ. ಆದ ಮೇಲೆ ಬ್ರಾಕೆಟ್ ಬೋಲ್ಟ್‌ಗಳ ಬಿಗಿತ, ಬ್ರೇಕ್ ಆಯಿಲ್ ಮಟ್ಟ ಎರಡನ್ನೂ ಮತ್ತೆ ನೋಡಬೇಕು. ಆಯಿಲ್ ನೋಡಲು ಮಾತ್ರ ಈಗಲೂ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿ, ನೆಲದ ಮುಚ್ಚಳ ತೆಗೆದು, ಬಗ್ಗಿ ಇಣುಕಬೇಕು.