ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್, ಮಾರ್ಚ್‌ನಲ್ಲಿ ಟ್ಯಾಂಕರ್

2022ರ ಸೆಪ್ಟೆಂಬರ್ ನೆನಪಿದೆಯಾ? ಬೆಂಗಳೂರಿನ ಹೊರ ವರ್ತುಲ ರಸ್ತೆ ಆಸುಪಾಸಿನ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ರು. 2024ರ ಮಾರ್ಚ್‌ನಲ್ಲಿ ಅದೇ ಊರಿನ ಬೋರ್‌ವೆಲ್‌ಗಳು ಬತ್ತಿದ್ವು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರೇ ತಮ್ಮನೆ ಬೋರ್‌ವೆಲ್ ಒಣಗಿದೆ ಅಂದಿದ್ರು. 2023ರಲ್ಲಿ ಮಳೆ ಕೈಕೊಟ್ಟಿದ್ದು ನಿಜ. ಆದರೆ ಸುರಿದಾಗ ಸುರಿದ ನೀರೆಲ್ಲ ಎಲ್ಲಿ ಹೋಯ್ತು?

ನಾನು ಬಿ.ಕಾಂ. ಓದಿದವನು, ಬ್ಯಾಂಕ್ ಲೆಕ್ಕದಲ್ಲೇ ಹೇಳ್ತೀನಿ. ಬೆಂಗಳೂರಿನ ಅಡಿಯಲ್ಲಿರೋದು ಗಟ್ಟಿ ಬಂಡೆ. ಅದರ ಮೇಲಿನ ಮಣ್ಣು, ಶಿಥಿಲವಾದ ಕಲ್ಲಿನ ಪದರ ಉಳಿತಾಯ ಖಾತೆ ಇದ್ದ ಹಾಗೆ. ಮಳೆ ನೀರು ಬೇಗ ಜಮಾ ಆಗುತ್ತೆ, ತೆರೆದ ಬಾವಿಗೆ ಸಿಗುತ್ತೆ. ಬಂಡೆಯ ಆಳದ ಬಿರುಕುಗಳಲ್ಲಿರೋದು ಎಫ್‌ಡಿ. ಅದು ತುಂಬೋಕೆ ವರ್ಷಗಳೇ ಬೇಕು. ನಾವು ಸಾವಿರ ಅಡಿ ಕೊರೆದು ಆ ಎಫ್‌ಡಿಯನ್ನೇ ಮುರಿದು ಖರ್ಚು ಮಾಡ್ತಿದ್ದೀವಿ.

ಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತೆ. ಹಿಂದೆ ಒಂದು ಕೆರೆ ತುಂಬಿ ಕೋಡಿ ಹರಿದ್ರೆ ರಾಜಕಾಲುವೆ ಅದನ್ನು ಮುಂದಿನ ಕೆರೆಗೆ ಮುಟ್ಟಿಸ್ತಿತ್ತು, ದಾರಿಯುದ್ದಕ್ಕೂ ಇಂಗೋಕೆ ಟೈಮ್ ಇತ್ತು. ಈಗ ಕಾಂಕ್ರೀಟ್ ಮೇಲೆ ಜಾರಿ, ಒತ್ತುವರಿಯಾದ ಕಾಲುವೆ ಹಿಡಿಸದೆ, ತಗ್ಗಿನಲ್ಲಿರೋ ಲೇಔಟ್‌ಗೆ ನುಗ್ಗುತ್ತೆ.

30×40 ಸೈಟ್ ಮೇಲೆ 100 ಮಿ.ಮೀ. ಮಳೆ ಬಿದ್ರೆ ಸುಮಾರು 11,000 ಲೀಟರ್ ನೀರು. ಹೆಚ್ಚುಕಮ್ಮಿ ಒಂದು ದೊಡ್ಡ ಟ್ಯಾಂಕರ್! ತಾರಸಿ ನೀರನ್ನು ಸೋಸಿ ಇಂಗುಗುಂಡಿಗೆ ಬಿಟ್ರೆ ಉಳಿತಾಯ ಖಾತೆಗಾದ್ರೂ ಬೀಳುತ್ತೆ. ರಸ್ತೆ ಕೊಚ್ಚೆ ಮಾತ್ರ ಬಿಡಬೇಡಿ.

ನಮ್ಮ ಬಿಲ್ಡಿಂಗ್‌ನಲ್ಲಿ ಮೂರು ಮೀಟಿಂಗ್ ಆಯ್ತು. ಗುಂಡಿ ತೋಡಿದ್ರೆ ಒಂದು ಕಾರ್ ಪಾರ್ಕಿಂಗ್ ಹೋಗುತ್ತಂತೆ. ಓನರ್ ಅಂಕಲ್‌ಗೆ ಈ ಎಪಿಸೋಡ್ ಲಿಂಕ್ ಕಳಿಸ್ತಿದ್ದೀನಿ.